ಈಮ್ ಹಳ್ಳಿಯ ನಡಿಗೆ: ಚರ್ಚು ನೋಡಿ ವಾಪಸ್ ಬರಬೇಡಿ

ಇಂಗ್ಲೆಂಡಿನ ಡರ್ಬಿಶೈರ್ ಕಡೆ ಹೋಗುವವರು ಈಮ್ ಹಳ್ಳಿಗೆ ಅರ್ಧ ದಿನವಾದರೂ ಇಟ್ಟುಕೊಳ್ಳಿ. ಊರು ಸುತ್ತಲು ಟಿಕೆಟ್ ಇಲ್ಲ, ಗೈಡ್ ಬೇಕೇ ಬೇಕು ಅಂತಿಲ್ಲ. ಹಳೇ ಮನೆಗಳ ಮುಂದೆ ಹಸಿರು ಫಲಕಗಳಿವೆ, 1665-66ರ ಪ್ಲೇಗಿನಲ್ಲಿ ಆ ಮನೆಯ ಯಾರ್ಯಾರು ಸತ್ತರು ಅಂತ ಹೆಸರು ಸಮೇತ ಬರೆದಿದ್ದಾರೆ. ಓದುತ್ತಾ ನಡೆದರೆ ಸಾಕು.

ಪ್ಲೇಗ್ ಶುರುವಾಗಿದ್ದು ಚರ್ಚಿನ ಹತ್ತಿರದ ಒಂದು ಮನೆಯಲ್ಲಿ. ಲಂಡನ್ನಿನಿಂದ ಬಂದ ಬಟ್ಟೆಯ ಗಂಟಿನಲ್ಲಿ ಚಿಗಟಗಳಿದ್ದವು ಅನ್ನುತ್ತಾರೆ, ಮೊದಲು ತೀರಿಕೊಂಡವನು ಅಲ್ಲಿದ್ದ ದರ್ಜಿ ಜಾರ್ಜ್ ವಿಕರ್ಸ್. ನಮ್ಮ ಕಡೆ ಪ್ಲೇಗ್ ಬಂದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು ಅಲ್ವಾ? ಇಲ್ಲಿ ಆಗಿದ್ದು ಬೇರೆ. 1666ರ ಜೂನ್‌ನಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಅವರಿಗಿಂತ ಮೊದಲಿದ್ದ ಥಾಮಸ್ ಸ್ಟ್ಯಾನ್ಲಿ ಸೇರಿ, ರೋಗ ಸುತ್ತಲಿನ ಊರುಗಳಿಗೆ ಹರಡಬಾರದು, ಯಾರೂ ಗಡಿ ದಾಟಬೇಡಿ ಅಂತ ಜನರನ್ನು ಒಪ್ಪಿಸಿದರು. ಸುಮಾರು 260 ಜನ ಸತ್ತರು.

ಸೇಂಟ್ ಲಾರೆನ್ಸ್ ಚರ್ಚಿನ ಒಳಗೆ ಸತ್ತವರ ಪಟ್ಟಿ ಇದೆ, ನಿಧಾನವಾಗಿ ಓದಿ. ಹೊರಗೆ 8ನೇ ಶತಮಾನದ ಕಲ್ಲಿನ ಶಿಲುಬೆ, ಗೋಡೆಯ ಮೇಲೆ 1775ರ ನೆರಳು ಗಡಿಯಾರ, ಎರಡೂ ಚೆನ್ನಾಗಿವೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾಂಪೆಸನ್ ಹೆಂಡತಿ ಕ್ಯಾಥರೀನ್ ಸಮಾಧಿ. ಮಕ್ಕಳನ್ನು ಮೊದಲೇ ಹೊರಗೆ ಕಳಿಸಿದ್ದರು, ಆಕೆ ಮಾತ್ರ ಗಂಡನನ್ನು ಬಿಟ್ಟು ಹೋಗಲಿಲ್ಲ, ಆಗಸ್ಟ್‌ನಲ್ಲಿ ತೀರಿಕೊಂಡರು.

ತುಂಬಾ ಜನ ಇಷ್ಟು ನೋಡಿ ಕಾರು ಹತ್ತುತ್ತಾರೆ. ಅದು ಸರಿಯಲ್ಲ. ಪಕ್ಕದ ಊರು ಸ್ಟೋನಿ ಮಿಡಲ್ಟನ್‌ಗೆ ಹೋಗುವ ದಾರಿಯ ಗಡಿ ಕಲ್ಲಿನವರೆಗೆ ಹೋಗಿ. ದುಡ್ಡಿನಿಂದ ರೋಗ ಅಂಟದಿರಲಿ ಅಂತ ಊರಿನವರು ಅದರ ಗುಳಿಗಳಲ್ಲಿ ವಿನೆಗರ್ ತುಂಬಿ ದುಡ್ಡು ಇಡುತ್ತಿದ್ದರು, ಹೊರಗಿನವರು ದುಡ್ಡು ತಗೊಂಡು ಊಟದ ಸಾಮಾನು ಇಟ್ಟು ಹೋಗುತ್ತಿದ್ದರು. ಆಮೇಲೆ ಊರಾಚೆ ಏರು ಹತ್ತಿ ರೈಲಿ ಅನ್ನುವ ಜಮೀನಿನಲ್ಲಿರುವ ಸಮಾಧಿಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಎಲಿಜಬೆತ್ ಹ್ಯಾನ್ಕಾಕ್ ಅನ್ನುವ ತಾಯಿ ಎಂಟೇ ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಮಣ್ಣು ಮಾಡಿದ ಜಾಗ ಅದು. ಇಡೀ ನಡಿಗೆಯಲ್ಲಿ ಒಂದೇ ಕಡೆ ಹೋಗಲು ಸಮಯ ಇದ್ದರೆ ನಾನು ಇಲ್ಲಿಗೇ ಹೋಗಿ ಅನ್ನುತ್ತೇನೆ.

ಒಳ್ಳೆ ಬೂಟು ಹಾಕಿಕೊಳ್ಳಿ, ಗಡಿ ಕಲ್ಲಿನ ದಾರಿ ಹೊಲದ ನಡುವೆ ಇದೆ, ಮಳೆ ಬಂದರೆ ಕೆಸರು. ತಳ್ಳುಗಾಡಿಯಲ್ಲಿ ಮಗು ಇದ್ದರೆ ಅದು ಕಷ್ಟ. ಊರಿನ ಮ್ಯೂಸಿಯಂ ಚಳಿಗಾಲದಲ್ಲಿ ಮುಚ್ಚಿರುತ್ತದೆ, ನೋಡಿಕೊಂಡು ಹೊರಡಿ. ಫಲಕ ಇರುವ ಮನೆಗಳಲ್ಲಿ ಈಗಲೂ ಜನ ವಾಸ ಮಾಡುತ್ತಿದ್ದಾರೆ, ದಯವಿಟ್ಟು ಕಿಟಕಿಯೊಳಗೆ ಇಣುಕಿ ಫೋಟೊ ತೆಗೆಯಬೇಡಿ.