ಯಾವ ಎಂಟ್ರೆನ್ಸ್ ಬರೀಬೇಕು? ರಾಯಚೂರಿನ ಒಂದು ಕೌನ್ಸೆಲಿಂಗ್ ಸೆಂಟರ್ ಬಗ್ಗೆ

ಪಿಯುಸಿ ಸೈನ್ಸ್ ಮಕ್ಕಳಿಗೆ ಯಾವ ಎಂಟ್ರೆನ್ಸ್ ಬರೆಯಬೇಕು ಅಂತ ಹೇಳಿಕೊಡುವ ಸೆಂಟರ್ ಒಂದಕ್ಕೆ ಮಗಳನ್ನು ಕರೆದುಕೊಂಡು ರಾಯಚೂರಿಗೆ ಹೋಗಿದ್ದೆ. ಫೀಸು 700 ರೂಪಾಯಿ. ಹೊಗಳುವುದೂ ಇದೆ, ಬೈಯುವುದೂ ಇದೆ. ಹಾಗಾಗಿ ಹೆಸರು ಹಾಕುತ್ತಿಲ್ಲ.

ನಾನು ಮಾನ್ವಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದೇನೆ. ಸ್ವಲ್ಪ ಹೊಲವೂ ಇದೆ. ಮಗಳು ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ಓದುತ್ತಿದ್ದಾಳೆ. ಅವಳಿಗೆ ಕೃಷಿ ಅಧಿಕಾರಿ ಆಗುವ ಆಸೆ. ರೈತ ಸಂಪರ್ಕ ಕೇಂದ್ರದ ಮೇಡಂ ಒಬ್ಬರು ಅಂಗಡಿಗೆ ಬರುತ್ತಿರುತ್ತಾರೆ, ಅವರನ್ನು ನೋಡಿ ಹುಟ್ಟಿದ ಆಸೆ. ನೆಂಟರದ್ದು ಮಾತ್ರ ಒಂದೇ ಜಪ, ನೀಟ್, ಅಂದರೆ ಡಾಕ್ಟರ್ ಸೀಟಿನ ಎಂಟ್ರೆನ್ಸ್. ಬಯಾಲಜಿ ತಗೊಂಡವಳು ನೀಟ್ ಬರೆಯಲ್ಲ ಅಂದರೆ ಅವರಿಗೆ ಅರ್ಥವೇ ಆಗುವುದಿಲ್ಲ. 2024ರಲ್ಲಿ ಆ ಪರೀಕ್ಷೆಗೆ ಹೆಸರು ಕೊಟ್ಟವರೇ 24 ಲಕ್ಷ ಚಿಲ್ಲರೆ. ಅದರಲ್ಲಿ ಎಷ್ಟು ಮಕ್ಕಳು ಸುಮ್ನೆ ಮನೆಯವರ ಮಾತಿಗೆ ಬರೆದರೋ!

ಮೊದಲು ಕೂತದ್ದು ಒಬ್ಬ ಹಿರಿಯ ಸರ್ ಹತ್ತಿರ, ರಿಟೈರ್ಡ್ ಲೆಕ್ಚರರ್. ಈ ಭಾಗಕ್ಕೆ ಪೂರ್ತಿ ಅಂಕ. ಅವರು ಮಾರ್ಕ್ಸ್ ಕಾರ್ಡ್ ಕೇಳಲೇ ಇಲ್ಲ. 'ಮೂವತ್ತು ವರ್ಷ ಆದಾಗ ಯಾವ ಊರಲ್ಲಿ, ಏನು ಕೆಲಸ ಮಾಡ್ತಿರಬೇಕಮ್ಮ?' ಅಂತ ಮಗಳನ್ನೇ ಕೇಳಿದರು. ನಾನೂ ಅಂಗಡಿಯಲ್ಲಿ ಬೀಜ ಕೇಳಿದವರಿಗೆ ಮೊದಲು ನೆಲ ಎಂಥದು, ನೀರು ಇದೆಯಾ ಅಂತಲೇ ಕೇಳುವುದು. ಆಮೇಲೆ ಒಂದು ಹಾಳೆ ತಗೊಂಡು ಹಿಂದಿನಿಂದ ಬರೆಯುತ್ತಾ ಬಂದರು. ಕೃಷಿ ಅಧಿಕಾರಿ ಹುದ್ದೆ. ಅದನ್ನು ತುಂಬುವುದು ರಾಜ್ಯದ ಲೋಕಸೇವಾ ಆಯೋಗ, ಅಂದರೆ ಕೆಪಿಎಸ್‌ಸಿ. ಅದಕ್ಕೆ ಬೇಕಾದದ್ದು ಬಿಎಸ್‌ಸಿ ಅಗ್ರಿ. ಅದರ ಸೀಟು ಕೊಡುವುದು ಕೆಸಿಇಟಿ, ನಮ್ಮ ರಾಜ್ಯದ್ದೇ ಎಂಟ್ರೆನ್ಸ್. 'ನೋಡಿ, ಈ ಹಾಳೆಯಲ್ಲಿ ನೀಟ್ ಎಲ್ಲೂ ಇಲ್ಲ' ಅಂದರು. ಅಷ್ಟಕ್ಕೇ ನನ್ನ ದುಡ್ಡು ವಸೂಲಾಯಿತು.

ಎರಡೂ ಪರೀಕ್ಷೆಗೆ ಓದುವ ಪುಸ್ತಕ ಹೆಚ್ಚು ಕಡಿಮೆ ಅದೇ, ಬರೆಯುವ ರೀತಿ ಬೇರೆ ಅಂತ ಬಿಡಿಸಿ ಹೇಳಿದರು. ಕೆಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ 180 ಪ್ರಶ್ನೆಗೆ 720 ಅಂಕ. ಸರಿ ಆದರೆ ನಾಲ್ಕು ಸಿಗುತ್ತದೆ, ತಪ್ಪಾದರೆ ಒಂದು ಹೋಗುತ್ತದೆ. ಅಲ್ಲಿ ಗೊತ್ತಿಲ್ಲದ್ದನ್ನು ಬಿಡುವುದೇ ಜಾಣತನ. ಅಂದಾಜು ಹೊಡೆಯುವ ಅಭ್ಯಾಸ ಒಂದು ಕಡೆ ಲಾಭ, ಇನ್ನೊಂದು ಕಡೆ ನಷ್ಟ.

ನನಗೆ ಗೊತ್ತಿರದ ಇನ್ನೊಂದು ವಿಷಯವೂ ಸಿಕ್ಕಿತು. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಐಸಿಎಆರ್ (ಕೇಂದ್ರದ ಕೃಷಿ ಸಂಶೋಧನಾ ಪರಿಷತ್ತು) ಕೋಟಾದ ಸೀಟುಗಳಿರುತ್ತವೆ, ಅವಕ್ಕೆ ಸಿಯುಇಟಿ ಅನ್ನುವ ರಾಷ್ಟ್ರಮಟ್ಟದ ಎಂಟ್ರೆನ್ಸ್ ಬರೆಯಬೇಕು. ಇನ್ನು ಕೃಷಿಕರ ಕೋಟಾದಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಇದೆ. ಬೀಜ, ಗೊಬ್ಬರ, ಸಲಕರಣೆ ಗುರುತಿಸಬೇಕು ಅಂದಾಗ ಮಗಳು ನನ್ನ ಮುಖ ನೋಡಿ ನಕ್ಕಳು. ರಜೆ ಬಂದರೆ ಅವಳು ಕೂರುವುದೇ ನಮ್ಮ ಗಲ್ಲಾದ ಹಿಂದೆ.

ಪಕ್ಕದಲ್ಲಿ ಸಿಂಧನೂರಿನ ಒಬ್ಬ ಹುಡುಗ ಇದ್ದ. ಅವನಿಗೆ ಕಂಪ್ಯೂಟರ್ ಎಂಜಿನಿಯರಿಂಗ್ ಕಲಿಸುವ ರಾಯಚೂರಿನ ಐಐಐಟಿಯೇ ಬೇಕಂತೆ, ಆದರೆ ತಯಾರಿ ಮಾಡುತ್ತಿದ್ದದ್ದು ಕೆಸಿಇಟಿಗೆ ಮಾತ್ರ. ಅದು 2019ರಲ್ಲಿ ಶುರುವಾದ ಸಂಸ್ಥೆ. ಇರುವುದು ನಮ್ಮೂರ ಕಡೆಯೇ ಆದರೂ ಸೀಟು ಸಿಗುವುದು ಜೆಇಇ ಮೇನ್ ಅನ್ನುವ ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಎಂಟ್ರೆನ್ಸ್ ಮೇಲೆ. ಅವನ ಅಪ್ಪ ಅದನ್ನು ಅಲ್ಲೇ ಬರೆದುಕೊಂಡರು.

ಇನ್ನು ಬೈಯುವ ಭಾಗ. ಸರ್ ಎದ್ದು ಹೋದ ಮೇಲೆ ಮಗಳನ್ನು ಕಂಪ್ಯೂಟರ್ ಮುಂದೆ ಕೂರಿಸಿ ಯಾವುದೋ ಆಪ್ಟಿಟ್ಯೂಡ್ ಟೆಸ್ಟ್ ಕೊಟ್ಟರು. ಪೂರ್ತಿ ಇಂಗ್ಲಿಷ್. ಹತ್ತನೇವರೆಗೆ ಕನ್ನಡ ಮೀಡಿಯಂ ಓದಿದ ಹುಡುಗಿ ಅವಳು. ನೀಟ್, ಜೆಇಇ ಮೇನ್, ಕೆಸಿಇಟಿ ಮೂರಕ್ಕೂ ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಸಿಗುತ್ತದೆ. 700 ರೂಪಾಯಿ ತಗೊಳ್ಳುವ ಇವರಿಗೆ ಮಾತ್ರ ಆಗಲ್ಲವಾ? ಅರ್ಧ ಪ್ರಶ್ನೆ ಅಂದಾಜಿನಲ್ಲಿ ಒತ್ತಿದಳು. ಬಣ್ಣಬಣ್ಣದ ರಿಪೋರ್ಟ್ ಬಂತು, ಇಂಟೀರಿಯರ್ ಡಿಸೈನರ್ ಆಗಬಹುದಂತೆ. ಅದಾದ ಮೇಲೆ ಕೌಂಟರಿನ ಹುಡುಗ ನೀಟ್ ಲಾಂಗ್ ಟರ್ಮ್ ಬ್ಯಾಚಿನ ಫೀಸಿನ ಹಾಳೆ ಮುಂದಿಟ್ಟ. ನೀಟ್ ಬೇಡ ಅಂತ ಅವರದೇ ಸರ್ ಹೇಳಿ ಇನ್ನೂ ಒಂದು ಗಂಟೆ ಆಗಿರಲಿಲ್ಲ! ಈಗಲೂ ಫೋನ್ ಬರುತ್ತದೆ, ಡಿಸ್ಕೌಂಟ್ ಇದೆಯಂತೆ.

ಇದಕ್ಕಿಂತ ಜಾಸ್ತಿ ಬೇಜಾರಾದದ್ದು 371ಜೆ, ಅಂದರೆ ನಮ್ಮ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ ವಿಧಿಯ ಬಗ್ಗೆ ಯಾರೂ ಬಾಯಿ ಬಿಡದೇ ಇದ್ದದ್ದು. ಕಲ್ಯಾಣ ಕರ್ನಾಟಕದಲ್ಲಿ ಕೂತು ಕೌನ್ಸೆಲಿಂಗ್ ಮಾಡುವವರು ಮೊದಲು ಹೇಳಬೇಕಾದ ಮಾತು ಅದು. 2012ರ 98ನೇ ತಿದ್ದುಪಡಿಯಿಂದ ಬಂದದ್ದು. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದ ಕಡೆ ಶೇ 8. ಇವರು ನನಗೆ ತೋರಿಸಿದ ಕಟ್‌ಆಫ್ ಮಾತ್ರ ಸಾಮಾನ್ಯ ಪಟ್ಟಿಯದು. ಅದನ್ನು ನೋಡಿ ಮಗಳ ಮುಖ ಸಣ್ಣದಾಯಿತು. ಆ ಪಟ್ಟಿಯಲ್ಲಿ ಕೆ ಅಂದರೆ ಕನ್ನಡ ಮಾಧ್ಯಮದವರ ಕೋಟಾ, ಆರ್ ಅಂದರೆ ಗ್ರಾಮೀಣ ಕೋಟಾ. ಅದನ್ನೂ ಕೊನೆಗೆ ನಾನೇ ಕೆಸಿಇಟಿ ನಡೆಸುವ ಕೆಇಎ ವೆಬ್‌ಸೈಟಿನಲ್ಲಿ ಹುಡುಕಿ ತಿಳಿದುಕೊಂಡೆ. ಒಂದರಿಂದ ಹತ್ತನೇ ತರಗತಿವರೆಗೆ ಎಲ್ಲಿ ಓದಿದ್ದು, ಯಾವ ಮೀಡಿಯಂ ಅಂತ ಶಾಲೆಯಿಂದ ಬರೆಸಿಕೊಂಡು ಬರಬೇಕು. 371ಜೆ ಸರ್ಟಿಫಿಕೇಟ್ ಕೊಡುವುದು ಸಹಾಯಕ ಆಯುಕ್ತರ ಕಚೇರಿ. ಅರ್ಜಿ ಕರೆದ ಮೇಲೆ ಓಡಾಡಿದರೆ ಸುಸ್ತಾಗುತ್ತೀರಿ, ಈಗಲೇ ಮಾಡಿಸಿಟ್ಟುಕೊಳ್ಳಿ.

ಹೋಗಬಹುದಾ ಅಂದರೆ, ಮಕ್ಕಳಿಗೆ ಏನು ಬೇಕು ಅಂತ ಸ್ವಲ್ಪ ಗೊತ್ತಿದ್ದು ದಾರಿ ಗೊತ್ತಿಲ್ಲದಿದ್ದರೆ ಇಂಥ ಕಡೆ ಹೋಗಿ. ಏನೂ ಗೊತ್ತಿಲ್ಲ, ಅವರೇ ಹೇಳಲಿ ಅಂತ ಹೋದರೆ ನೀಟ್ ಬ್ಯಾಚಿನ ರಸೀದಿ ಹಿಡಿದುಕೊಂಡು ಬರುತ್ತೀರಿ. ಕಂಪ್ಯೂಟರ್ ಟೆಸ್ಟ್ ಬೇಡ ಅಂತ ಮೊದಲೇ ಹೇಳಿಬಿಡಿ, ಫೀಸು ಕಮ್ಮಿ ಮಾಡಿ ಅಂತಲೂ ಕೇಳಿ. ನಾನು ಹೋದ ಸೆಂಟರಿನಲ್ಲಿ ಆ ಸರ್ ಇರುವುದು ಬೆಳಿಗ್ಗೆ ಹೊತ್ತು ಮಾತ್ರ. ಮಧ್ಯಾಹ್ನ ಹೋದವರಿಗೆ ಕಂಪ್ಯೂಟರೇ ಗತಿ.