ಏಳು ಅಕ್ಷರದ ಟ್ಯೂನು, ಮೂರು ಪುಟ್ಟ ಪೆಟ್ಟಿಗೆ

ಸಾಗರಕ್ಕೆ ಹೋಗುವ ರೈಲಿನಲ್ಲಿ ಹೊಳೆದ ಟ್ಯೂನು ಬೆಂಗಳೂರಿಗೆ ವಾಪಸ್ ಬರುವಷ್ಟರಲ್ಲಿ ಮರೆತುಹೋಗಿರುತ್ತದೆ. ಫೋನಿನಲ್ಲಿ ಗುನುಗಿ ಇಟ್ಟುಕೊಂಡರೂ ಅಷ್ಟೇ. ವಾರ ಬಿಟ್ಟು ಕೇಳಿದರೆ ಯಾರೋ ಹಲ್ಲುನೋವಿಗೆ ನರಳಿದ ಹಾಗಿರುತ್ತದೆ. ತಾಳ ಎಲ್ಲಿ ಶುರುವಾಗಿತ್ತು, ಬೇಸ್ ಎಲ್ಲಿ ಬೀಳಬೇಕಿತ್ತು, ಒಂದೂ ನೆನಪಿರೋದಿಲ್ಲ.

ಹಾಗಾಗಿ ಗ್ರೂವ್‌ಬಾಕ್ಸ್ ಹಿಂದೆ ಬಿದ್ದೆ. ಡ್ರಮ್, ಬೇಸ್, ಸಿಂಥ್ (ವಿದ್ಯುತ್ತಿನಲ್ಲಿ ಸ್ವರ ಹುಟ್ಟಿಸುವ ವಾದ್ಯ), ಸೀಕ್ವೆನ್ಸರ್ (ಬರೆದಿಟ್ಟ ಪೆಟ್ಟು, ಸ್ವರಗಳನ್ನು ಸುತ್ತಿ ಸುತ್ತಿ ನುಡಿಸುವ ಭಾಗ) ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರ ಇದು. ರೋಲಂಡ್ 1996ರಲ್ಲಿ ಎಂಸಿ-303 ಎಂಬ ಪೆಟ್ಟಿಗೆ ತಂದಾಗ ಇಟ್ಟ ಹೆಸರು ಆಮೇಲೆ ಇಡೀ ಜಾತಿಗೇ ಅಂಟಿಕೊಂಡಿತು. ಈಗ ಬ್ಯಾಟರಿಯಲ್ಲಿ ನಡೆಯುವ, ಚೀಲದಲ್ಲಿ ಹಿಡಿಸುವ ಪೆಟ್ಟಿಗೆಗಳು ಬೇಕಾದಷ್ಟಿವೆ. ಸುಮಾರು ಎರಡು ವರ್ಷದಲ್ಲಿ ಮೂರನ್ನು ಇಟ್ಟುಕೊಂಡು ಒದ್ದಾಡಿದ್ದೇನೆ: ಟೀನೇಜ್ ಎಂಜಿನಿಯರಿಂಗ್‌ನ ಪಿಒ-33, ನೋವೇಷನ್‌ನ ಸರ್ಕಿಟ್ ಟ್ರ್ಯಾಕ್ಸ್, ರೋಲಂಡ್‌ನ ಎಂಸಿ-101. ಒಂದು ಹೊಸದು, ಎರಡು ಸೆಕೆಂಡ್ ಹ್ಯಾಂಡ್.

ಯಾವುದರ ಸೌಂಡ್ ಚೆನ್ನಾಗಿದೆ ಅನ್ನೋದು ನನ್ನ ಪ್ರಶ್ನೆಯಲ್ಲ. ಮೂರೂ ಚೆನ್ನಾಗೇ ಇವೆ. ಈ ಯಂತ್ರಗಳನ್ನು ಆನ್ ಮಾಡಿದರೆ ಮೊದಲು ಎದುರಾಗೋದು 16 ಮನೆ, ಯಂತ್ರದ ಭಾಷೆಯಲ್ಲಿ ಸ್ಟೆಪ್ಪು. ನಾಲ್ಕು ನಾಲ್ಕಾಗಿ ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಪೆಟ್ಟು, ಇಟ್ಟರೆ ಅದರಷ್ಟಕ್ಕೆ ಅದೇ ಓಡುತ್ತದೆ. ಹತ್ತು ನಿಮಿಷದಲ್ಲಿ ಒಂದು ಹಾಡಿನಂಥದ್ದು ತಯಾರಾಗುತ್ತದೆ, ಆದರೆ ನನ್ನ ತಲೆಯಲ್ಲಿ ಇದ್ದದ್ದು ಅದಲ್ಲ. ಪೆಟ್ಟಿಗೆ ತನ್ನ ಟ್ಯೂನನ್ನೇ ನನ್ನ ಕೈಯಲ್ಲಿ ಹಾಕಿಸಿಕೊಂಡಿರುತ್ತದೆ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಮೃದಂಗ ಕಲಿತು ಬಿಟ್ಟವನು ನಾನು. ನನಗೆ ಹೊಳೆಯೋದರಲ್ಲಿ ಅರ್ಧಕ್ಕರ್ಧ ಏಳರಲ್ಲೋ ಐದರಲ್ಲೋ ಇರುತ್ತದೆ. ಅದಕ್ಕೇ ಮೂರೂ ಪೆಟ್ಟಿಗೆಗೆ ಒಂದೇ ಪರೀಕ್ಷೆ ಕೊಟ್ಟೆ. ತಾಳ ಮಿಶ್ರ ಛಾಪು: ತಕಿಟ ತಕಧಿಮಿ, ಏಳು ಅಕ್ಷರ. ಅಕ್ಷರಕ್ಕೆ ಎರಡರಂತೆ ಯಂತ್ರದ ಲೆಕ್ಕದಲ್ಲಿ 14 ಸ್ಟೆಪ್. ಟ್ಯೂನು ಶುಭಪಂತುವರಾಳಿ ರಾಗದ ಒಂದು ಸಣ್ಣ ತುಣುಕು. ತಾಳದ ಸದ್ದಿಗೆ ಸಾಗರದ ನಮ್ಮ ದೊಡ್ಡಮ್ಮನ ಅಡಕತ್ತರಿ.

ಅಡಕತ್ತರಿಯಿಂದಲೇ ಶುರು ಮಾಡೋಣ, ಯಾಕೆಂದರೆ ಪಿಒ-33 ಅಲ್ಲೇ ಮನಸ್ಸು ಗೆದ್ದಿತು.

ಇದು 2018ರಲ್ಲಿ ಬಂದ ಯಂತ್ರ. ಯಂತ್ರ ಅನ್ನೋದಕ್ಕಿಂತ ಬರೀ ಸರ್ಕ್ಯೂಟ್ ಬೋರ್ಡು. ಮೇಲೊಂದು ಕವಚವೂ ಇಲ್ಲ, ಬೇಕಾದರೆ ರಬ್ಬರ್ ಕೇಸ್ ಬೇರೆ ತಗೋಬೇಕು. ಎರಡು ಎಎಎ ಸೆಲ್ಲು, ಒಂದು ಪುಟಾಣಿ ಮೈಕು, ಒಂದು ಪುಟಾಣಿ ಸ್ಪೀಕರು. ದೊಡ್ಡಮ್ಮ ನೋಡಿದವರೇ, "ಎಂಥದೋ ಅದು, ಕ್ಯಾಲ್ಕುಲೇಟರಾ? ಹೊಟ್ಟೆ ಒಡೆದುಹೋದ ಹಾಗಿದ್ಯಲ್ಲ" ಅಂದರು. ಕವಳಕ್ಕೆ ಅಡಿಕೆ ಕತ್ತರಿಸುತ್ತಾ ಕೂತಿದ್ದರು. ರೆಕಾರ್ಡ್ ಗುಂಡಿ ಜೊತೆ ಒಂದು ನಂಬರು ಒತ್ತಿ ಹಿಡಿದೆ. ಆರು ಸೆಕೆಂಡು ಕಟಕ್ ಕಟಕ್. ಬಿಟ್ಟೆ. ಅಷ್ಟೇ ಕೆಲಸ.

ಇದರಲ್ಲಿ ಸದ್ದು ಇಡಲು 16 ಜಾಗ. 1ರಿಂದ 8 ಸ್ವರವಾಗಿ ನುಡಿಸುವುದಕ್ಕೆ, 9ರಿಂದ 16 ಡ್ರಮ್ಮಿಗೆ. ಡ್ರಮ್ ಜಾಗಕ್ಕೆ ರೆಕಾರ್ಡ್ ಮಾಡಿದರೆ ಅದು ತಾನಾಗಿ ಸದ್ದನ್ನು ತುಂಡು ಮಾಡಿ ಗುಂಡಿಗಳ ಮೇಲೆ ಹರಡುತ್ತದೆ. ಅಡಕತ್ತರಿಯ ಒಂದು ಕಚ್ಚು ರಿಮ್‌ಶಾಟ್ ಆಯಿತು, ಅಡಿಕೆ ಹೋಳು ತಟ್ಟೆಗೆ ಬಿದ್ದದ್ದು ಹೈಹ್ಯಾಟ್ ಆಯಿತು, ಮಧ್ಯೆ ದೊಡ್ಡಮ್ಮ ಕೆಮ್ಮಿದ್ದು ಎಂಥ ಸ್ನೇರ್ ಅಂತೀರಿ! ಒಟ್ಟು ಜಾಗ ಇರೋದು 40 ಸೆಕೆಂಡು. ಸಾಲೋದಿಲ್ಲ ಅನಿಸುತ್ತದೆ, ಆದರೆ ಸಣ್ಣ ಸದ್ದುಗಳಿಗೆ ಧಾರಾಳ.

ತಾಳಕ್ಕೆ ಬಂದಾಗ ಗೋಳು ಶುರು. ಪ್ಯಾಟರ್ನ್ ಅಂದರೆ ಇಲ್ಲಿ 16 ಸ್ಟೆಪ್, ಮುಗಿಯಿತು. 14ಕ್ಕೆ ನಿಲ್ಲಿಸೋಕೆ ಆಗೋದಿಲ್ಲ. ಎಫೆಕ್ಟುಗಳ ಸಾಲಿನಲ್ಲಿ 6/8 ಅಂತ ಒಂದಿದೆ. ಅಂದರೆ ಆರು ಸಿಗುತ್ತದೆ, ಏಳು ಇಲ್ಲ! ಆದರೆ ಪ್ಯಾಟರ್ನುಗಳನ್ನು ಸರಪಳಿ ಹಾಕಬಹುದು, 128ರವರೆಗೆ. ತಿಪಟೂರು ದಾಟುವಾಗ ಲೆಕ್ಕ ಹೊಳೆಯಿತು. ಹದಿನಾರೇಳು 112, ಹದಿನಾಲ್ಕೆಂಟು 112. ಏಳು ಪ್ಯಾಟರ್ನ್ ಬರೆದು ಸರಪಳಿ ಹಾಕಿದರೆ ಒಳಗೆ ಮಿಶ್ರ ಛಾಪು ಎಂಟು ಆವರ್ತ ಸರಿಯಾಗಿ ಕೂರುತ್ತದೆ. ಪ್ರತಿ ಪ್ಯಾಟರ್ನಿನಲ್ಲೂ ಪೆಟ್ಟು ಎರಡೆರಡು ಮನೆ ಜರುಗುತ್ತಾ ಹೋಗಬೇಕು. ಕೈಯಲ್ಲಿ ಕೂರಿಸಿದೆ. ಬೀರೂರು ಬಂದಿತ್ತು. ಖುಷಿ ಏನೋ ಆಯಿತು, ಆದರೆ ಇದನ್ನು ಟ್ಯೂನು ಗೀಚೋದು ಅನ್ನೋಕಾಗಲ್ಲ. ಕಡೆಗೆ ಒಂದು ಪೆಟ್ಟು ಬದಲಿಸಬೇಕು ಅನಿಸಿದರೆ ಏಳು ಕಡೆ ಬದಲಿಸಬೇಕಲ್ಲ.

ರಾಗದ ಮಾತು ಬಿಡಿ. ಸ್ವರಸ್ಥಾನ ಆರಿಸುವ ಮೆನು ಇದರಲ್ಲಿ ಇಲ್ಲವೇ ಇಲ್ಲ.

ಸರ್ಕಿಟ್ ಟ್ರ್ಯಾಕ್ಸ್ ಇದಕ್ಕೆ ಪೂರ್ತಿ ಉಲ್ಟಾ. 2021ರಲ್ಲಿ ಬಂದದ್ದು. ಅಡ್ಡಕ್ಕೆ ಎಂಟರಂತೆ ನಾಲ್ಕು ಸಾಲು, 32 ಪ್ಯಾಡು, ಬಣ್ಣ ಬಣ್ಣದ ಬೆಳಕು. ಸ್ಕ್ರೀನ್ ಇಲ್ಲ. ಎರಡು ಸಿಂಥ್, ನಾಲ್ಕು ಡ್ರಮ್, ಹೊರಗಿನ ವಾದ್ಯಕ್ಕೆ ಎರಡು ಮಿಡಿ ಟ್ರ್ಯಾಕು. ಒಳಗೇ ಚಾರ್ಜ್ ಆಗುವ ಬ್ಯಾಟರಿ. ಕಂಪನಿ ನಾಲ್ಕು ಗಂಟೆ ಅನ್ನುತ್ತದೆ, ನನಗೆ ಸುಮಾರು ಮೂರೂವರೆ ಸಿಕ್ಕಿತು. 2015ರ ಹಳೇ ಸರ್ಕಿಟ್‌ನಲ್ಲಿ ಸ್ಪೀಕರ್ ಇತ್ತು, ಎಎ ಸೆಲ್ಲೂ ಹಾಕಬಹುದಿತ್ತು. ಇದರಲ್ಲಿ ಎರಡೂ ಇಲ್ಲ. ಹಳ್ಳಿಮನೆಯಲ್ಲಿ ಕರೆಂಟ್ ಹೋದ ಸಂಜೆ ಅದು ನೆನಪಾಗುತ್ತದೆ.

ಇದರಲ್ಲಿ 14 ಸ್ಟೆಪ್ ಮಾಡೋಕೆ ಎಷ್ಟು ಹೊತ್ತು ಬೇಕು ಗೊತ್ತಾ? ಪ್ಯಾಟರ್ನಿನ ಉದ್ದ ಹೇಳುವ ಗುಂಡಿ ಹಿಡಿದು 14ನೇ ಪ್ಯಾಡ್ ಒತ್ತಬೇಕು. ಅಷ್ಟೇ. 32ರವರೆಗೆ ಎಷ್ಟು ಬೇಕಾದರೂ ಇಡಬಹುದು, ಅದೂ ಒಂದೊಂದು ಟ್ರ್ಯಾಕಿಗೆ ಬೇರೆ ಬೇರೆ. ಕಿಕ್ಕಿಗೆ 14, ಬೇಸಿಗೆ 10 ಇಟ್ಟು ಸುಮ್ನೆ ಬಿಟ್ಟರೆ ಖಂಡವೂ (ಐದು) ಮಿಶ್ರವೂ (ಏಳು) ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತವೆ. ಒಂದು ಸ್ಟೆಪ್ಪಿನೊಳಗೆ ಮತ್ತೆ ಆರು ಸಣ್ಣ ಮನೆಗಳಿವೆ, ಹಾಗಾಗಿ ಮಧ್ಯದಲ್ಲೊಂದು ತಕಿಟ ನುಗ್ಗಿಸಬೇಕಾದರೂ ಜಾಗ ಇದೆ.

ರಾಗದ ವಿಷಯದಲ್ಲಂತೂ ನಗು ಬಂತು. ಸ್ಕೇಲ್ ಗುಂಡಿ ಒತ್ತಿದರೆ 16 ಸ್ಕೇಲು. ಅದರಲ್ಲಿ ಮಾರ್ವಾ, ತೋಡಿ ಅಂತ ಎರಡು ನಮ್ಮ ಕಡೆಯ ಹೆಸರು. ಕರ್ನಾಟಕ ಸಂಗೀತ ಕೇಳಿ ಬೆಳೆದವರು ತೋಡಿ ಅಂತ ಅದನ್ನು ಒತ್ತಿದರೆ ಗಾಬರಿಯಾಗುತ್ತಾರೆ, ಯಾಕೆಂದರೆ ಅದು ಹಿಂದೂಸ್ತಾನಿ ತೋಡಿ. ನಮ್ಮ ಲೆಕ್ಕದಲ್ಲಿ 45ನೇ ಮೇಳ, ಶುಭಪಂತುವರಾಳಿ. ನನಗೆ ಬೇಕಾಗಿದ್ದದ್ದೇ ಅದು! ನಮ್ಮ ಹನುಮತೋಡಿ ಬೇಕಿದ್ದವರು ಫ್ರಿಜಿಯನ್ ಅನ್ನು ಒತ್ತಬೇಕು. ಒಂದು ಭಾನುವಾರ ಪೂರ್ತಿ ಕೂತು ಮಿಕ್ಕದ್ದನ್ನೂ ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಅಡಿಗೆ ಅಂಟಿಸಿದ್ದೇನೆ. ಡೋರಿಯನ್ ಖರಹರಪ್ರಿಯ, ಹಾರ್ಮೋನಿಕ್ ಮೈನರ್ ಕೀರವಾಣಿ, ಹಂಗೇರಿಯನ್ ಮೈನರ್ ಸಿಂಹೇಂದ್ರಮಧ್ಯಮ, ಉಕ್ರೇನಿಯನ್ ಡೋರಿಯನ್ ಹೇಮವತಿ, ಮಾರ್ವಾ ಗಮನಶ್ರಮ. ಸಿಂಹೇಂದ್ರಮಧ್ಯಮಕ್ಕೆ ಜಾಗ ಕೊಟ್ಟವರು ಕಲ್ಯಾಣಿಯನ್ನು ಬಿಟ್ಟಿದ್ದಾರೆ ಅನ್ನೋದು ಮಾತ್ರ ಅನ್ಯಾಯ. ಲಿಡಿಯನ್ ಇಲ್ಲ. ಮೋಹನವೂ ನೇರವಾಗಿ ಇಲ್ಲ, ಆದರೆ ಮೈನರ್ ಪೆಂಟಾಟೋನಿಕ್ ಇದೆ. ಅದು ಶುದ್ಧ ಧನ್ಯಾಸಿ. ಅದರ ಗಾಂಧಾರವನ್ನೇ ಷಡ್ಜ ಅಂದುಕೊಂಡು ನುಡಿಸಿದರೆ ಮೋಹನ. ಗ್ರಹಭೇದ ಇಂಥ ಕಡೆ ಕೆಲಸಕ್ಕೆ ಬರುತ್ತದೆ ಅಂತ ನಮ್ಮ ಮೇಷ್ಟ್ರಿಗೆ ಹೇಳಿದ್ದರೆ ಬೈಯುತ್ತಿದ್ದರೇನೋ.

ಸ್ವರಸ್ಥಾನ ಸರಿಯಿದ್ದ ಮಾತ್ರಕ್ಕೆ ರಾಗ ಆಗೋದಿಲ್ಲ, ಅದು ಬೇರೆ ಮಾತು. ಮೂರರಲ್ಲಿ ಯಾವುದೂ ಗಮಕ ಹಾಡೋದಿಲ್ಲ. 1982ರಲ್ಲಿ ಮುಂಬೈನ ಚರಣ್‌ಜಿತ್ ಸಿಂಗ್ ಅವರು ರೋಲಂಡ್‌ನ ಬೇಸ್ ಯಂತ್ರ ಟಿಬಿ-303, ಡ್ರಮ್ ಯಂತ್ರ ಟಿಆರ್-808, ಸಿಂಥ್ ಜೂಪಿಟರ್-8 ಇಟ್ಟುಕೊಂಡು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ರೆಕಾರ್ಡ್ ಮಾಡಿದ್ದನ್ನು ಕೇಳಿ. ಟಿಬಿ-303ರ ಸ್ಲೈಡು ಸ್ವರದಿಂದ ಸ್ವರಕ್ಕೆ ಜಾರಿದಾಗ ಕಿವಿ ಒಂದು ಕ್ಷಣ ಮೋಸ ಹೋಗುತ್ತದೆ. ಸರ್ಕಿಟ್‌ನಲ್ಲೂ ಗ್ಲೈಡ್ ಜಾಸ್ತಿ ಇಟ್ಟು ಹಾಗೆ ಒಂದಿಷ್ಟು ಜಾರಿಸಬಹುದು. ಗೀಚೋದಕ್ಕೆ ಅಷ್ಟು ಸಾಕು.

ಇದರಲ್ಲಿ ಅಡಕತ್ತರಿ ಮಾತ್ರ ಸೋತಿತು. ಆಡಿಯೋ ಒಳಬರುವ ಜಾಕ್ ಎರಡಿವೆ, ಆದರೆ ಒಳಗೆ ಬಂದದ್ದನ್ನು ಸ್ಯಾಂಪಲ್ ಮಾಡಿಕೊಳ್ಳೋದಿಲ್ಲ, ಅಂದರೆ ಹಿಡಿದಿಟ್ಟು ಮತ್ತೆ ನುಡಿಸೋದಿಲ್ಲ. ಆ ಕೆಲಸಕ್ಕೆ ಸರ್ಕಿಟ್ ರಿದಮ್ ಅಂತ ಬೇರೆ ಪೆಟ್ಟಿಗೆ ಮಾಡಿದ್ದಾರೆ. ಟ್ರ್ಯಾಕ್ಸ್‌ಗೆ ಸ್ವಂತ ಸದ್ದು ಹಾಕಬೇಕಾದರೆ ಲ್ಯಾಪ್‌ಟಾಪ್‌ಗೆ ಜೋಡಿಸಿ ಕಾಂಪೊನೆಂಟ್ಸ್ ಎಂಬ ತಂತ್ರಾಂಶದಲ್ಲಿ ಕಳಿಸಬೇಕು. ಲ್ಯಾಪ್‌ಟಾಪ್ ತೆರೆಯೋದಾದರೆ ಈ ಪೆಟ್ಟಿಗೆ ಯಾಕೆ ಬೇಕಿತ್ತು, ಅಲ್ವಾ?

ಇನ್ನು ಎಂಸಿ-101. 2019ರದ್ದು. ನಾಲ್ಕು ಎಎ ಸೆಲ್ಲು, ನಾಲ್ಕು ಟ್ರ್ಯಾಕು, ನಾಲ್ಕು ಫೇಡರು, 16 ಪ್ಯಾಡು, ಎರಡು ಸಾಲಿನ ಒಂದು ಪುಟ್ಟ ಸ್ಕ್ರೀನು. ಒಳಗೆ ಮೂರು ಸಾವಿರಕ್ಕೂ ಹೆಚ್ಚು ಸೌಂಡು. 808 ಕಿಕ್ ಇದೆ, ಸ್ಟ್ರಿಂಗ್ಸ್ ಇದೆ, ಕಣ್ಣಲ್ಲಿ ನೀರು ಬರಿಸುವ ಎಲೆಕ್ಟ್ರಿಕ್ ಪಿಯಾನೋ ಇದೆ. ಮೂರರಲ್ಲಿ ಕೇಳೋಕೆ ಅತಿ ಶ್ರೀಮಂತ ಇದೇ, ಎರಡು ಮಾತಿಲ್ಲ. ಒಂದು ಕ್ಲಿಪ್ (ಪ್ಯಾಟರ್ನಿಗೆ ಇಲ್ಲಿನ ಹೆಸರು) 128 ಸ್ಟೆಪ್‌ವರೆಗೆ ಹೋಗುತ್ತದೆ. ಮಿಶ್ರ ಛಾಪು ಎಂಟು ಆವರ್ತವನ್ನು ಒಂದೇ ಕ್ಲಿಪ್ಪಿನಲ್ಲಿ, ಪ್ರತಿ ಆವರ್ತಕ್ಕೂ ಬೇರೆ ಬೇರೆ ನಡೆ ಕೊಟ್ಟು ಬರೆಯಬಹುದು. ಅಡಕತ್ತರಿ ಎಸ್‌ಡಿ ಕಾರ್ಡಿನಲ್ಲಿ ಬರಬೇಕು, ಮೈಕ್ ಹಾಕುವ ಜಾಗವಿಲ್ಲ. ಸ್ವರಗಳನ್ನು ಪಿಯಾನೋ ಮನೆಗಳ ಹಾಗೆ ಪ್ಯಾಡಿನ ಮೇಲೆ ಹುಡುಕಿಕೊಂಡು ನುಡಿಸಿದೆ. ತಪ್ಪು ಸ್ವರ ಬಿದ್ದರೆ ಬಿತ್ತು.

ತೊಂದರೆ ಇರೋದು ಶ್ರೀಮಂತಿಕೆಯಲ್ಲೇ. ಶಿಫ್ಟ್ ಹಿಡಿ, ಪ್ಯಾಡ್ ಒತ್ತು, ಗುಂಡಿ ತಿರುಗಿಸು, ಸ್ಕ್ರೀನ್ ನೋಡು, ಎಂಟರ್, ಮತ್ತೆ ಎಕ್ಸಿಟ್. ಒಂದು ಸಲ ಅರಸೀಕೆರೆಯಿಂದ ಬೀರೂರಿನ ತನಕ ಬರೀ ಬೇಸ್ ಸೌಂಡು ಕೇಳುತ್ತಾ ಕೂತಿದ್ದೆ. ಎಲ್ಲವೂ ಚೆನ್ನಾಗಿದ್ದವು. ಬೀರೂರಿನಲ್ಲಿ ಟೀ ಬಂದಾಗ ಟ್ಯೂನು ಯಾವುದಿತ್ತು ಅಂತಲೇ ಮರೆತಿತ್ತು. ಸೀರೆ ಅಂಗಡಿಗೆ ಹೋಗಿ ರಾಶಿ ತೆಗೆಸಿ ಬರಿಗೈಯಲ್ಲಿ ಬಂದ ಹಾಗಾಯಿತು.

ಫೋನಿದೆಯಲ್ಲ, ಇಷ್ಟೆಲ್ಲ ಯಾಕೆ ಅಂತ ಕೇಳುವವರಿಗೆ ಒಂದು ಮಾತು. ಕೋಆಲಾ ಅಂತ ಒಂದು ಸ್ಯಾಂಪ್ಲರ್ ಆ್ಯಪ್ ಇದೆ, ಐಫೋನ್, ಆಂಡ್ರಾಯ್ಡ್ ಎರಡರಲ್ಲೂ. ಫೋನಿನ ಮೈಕಿನಿಂದ ಸದ್ದು ಹಿಡಿದು ಪ್ಯಾಡ್ ಮೇಲೆ ಬಾರಿಸಬಹುದು. ಮೂರು ಪೆಟ್ಟಿಗೆಗಿಂತಲೂ ತುಂಬಾ ಅಗ್ಗ, ಹೊಸಬರು ಅಲ್ಲೇ ಶುರು ಮಾಡಿ ಅಂತಲೇ ಹೇಳುತ್ತೇನೆ. ನನಗೆ ಆಗಿಬರಲಿಲ್ಲ, ಅಷ್ಟೇ. ತಕಿಟ ಅನ್ನುವಷ್ಟರಲ್ಲಿ ಒಟಿಪಿ ಬರುತ್ತದೆ. ಏನೇ ತಗೊಂಡರೂ ಇಯರ್‌ಫೋನ್ ಮಾತ್ರ ವೈರಿನದ್ದೇ ಇರಲಿ. ಬ್ಲೂಟೂತ್‌ನಲ್ಲಿ ಬೆರಳು ಬಿದ್ದ ಮೇಲೆ ಸದ್ದು ಬರುತ್ತದೆ, ಲಯವೆಲ್ಲ ಹಾಳು.

ಸೇವ್ ಮಾಡೋದನ್ನೂ ಹೇಳಿಬಿಡುತ್ತೇನೆ. ಮೂರರಲ್ಲಿ ಒಂದರಲ್ಲಿ ಸೇವ್ ಒತ್ತದೆ ಆಫ್ ಮಾಡಿ ಎರಡು ಗಂಟೆಯ ಕೆಲಸ ಕಳೆದುಕೊಂಡಿದ್ದೇನೆ. ಯಾವುದರಲ್ಲಿ ಅಂತ ಕೇಳಬೇಡಿ, ತಪ್ಪು ನನ್ನದೇ. ಆವತ್ತಿನಿಂದ ಸ್ವಲ್ಪ ಚೆನ್ನಾಗಿ ಬಂತು ಅನಿಸಿದ ಕೂಡಲೇ ಪೆಟ್ಟಿಗೆಯ ಇಯರ್‌ಫೋನ್ ಜಾಕಿನಿಂದ ಒಂದು ಪುಟ್ಟ ರೆಕಾರ್ಡರಿಗೆ ತಂತಿ ಎಳೆದು ಎರಡು ನಿಮಿಷ ಹಿಡಿದಿಡುತ್ತೇನೆ. ಪ್ರಾಜೆಕ್ಟ್ ಹೋದರೂ ಟ್ಯೂನು ಉಳಿಯುತ್ತದೆ.

ಲ್ಯಾಪ್‌ಟಾಪಿನಲ್ಲಿ ಆ ಫೋಲ್ಡರ್ ತೆಗೆದು ಎಣಿಸಿದೆ. ಪಿಒ-33ರಿಂದ 11 ತುಣುಕು, ಸರ್ಕಿಟ್‌ನಿಂದ 19, ಎಂಸಿ-101ರಿಂದ ಬರೀ 4. ಆದರೆ ಹಾಡಾಗಿ ಮುಗಿದವು? ಪಿಒದ್ದು ಒಂದು, ಸರ್ಕಿಟ್‌ನದ್ದು ಎರಡು, ಎಂಸಿಯದ್ದೂ ಎರಡು. ನಾಲ್ಕರಲ್ಲಿ ಎರಡು! ಲೆಕ್ಕ ಹೀಗೆ ತಿರುಗಿಬಿದ್ದಾಗ ಒಂದು ವಾರ ತಲೆ ಕೆಡಿಸಿಕೊಂಡೆ. ಆಮೇಲೆ ಅರ್ಥವಾಯಿತು. ಎಂಸಿಯಲ್ಲಿ ನಾನು ಮಾಡಿದ ಆ ನಾಲ್ಕೂ ಮೊದಲೇ ತಲೆಯಲ್ಲಿ ಪೂರ್ತಿ ಇದ್ದವು. ಅದರಲ್ಲಿ ಹುಡುಕಲಿಲ್ಲ, ಬರೆದುಕೊಂಡೆ. ನೀವು ಮೊದಲೇ ಇಡೀ ಹಾಡು ಕಟ್ಟಿಕೊಂಡು ಕೂರುವವರಾದರೆ, ಲ್ಯಾಪ್‌ಟಾಪ್ ಇಲ್ಲದೆ ಮುಗಿಸಬೇಕಾದರೆ, ಎಂಸಿ-101 ತಗೊಳ್ಳಿ. ಹೋಗ್ತಾ ಹೋಗ್ತಾ ದಾರಿ ಕಾಣುವವರಿಗೆ ಸರ್ಕಿಟ್. ಕಿವಿಗೆ ಬಿದ್ದದ್ದೆಲ್ಲ ಬೇಕು ಅನ್ನುವವರಿಗೆ ಪಿಒ-33, ಅದೂ ಜೇಬಿಗೆ ಹಗುರ.

ನಾನು ಎಂಸಿ-101 ಮಾರಿದೆ. ಉಳಿದೆರಡನ್ನು ಈಗ ಒಟ್ಟಿಗೆ ಒಯ್ಯುತ್ತೇನೆ. ಸರ್ಕಿಟ್‌ನ ಸಿಂಕ್ ಔಟ್‌ನಿಂದ ಪಿಒಗೆ ಎರಡರ ವೇಗ ಒಂದೇ ಇರಲಿ ಅಂತ ಒಂದು ತಂತಿ, ಪಿಒದ ಸದ್ದು ಸರ್ಕಿಟ್‌ನ ಆಡಿಯೋ ಜಾಕಿಗೆ ಇನ್ನೊಂದು ತಂತಿ. ಹೀಗೆ ಮಾಡಿದರೆ ಅಡಕತ್ತರಿಗೆ ಸರ್ಕಿಟ್‌ನ ರಿವರ್ಬ್ ಕೂಡ ಸಿಗುತ್ತದೆ. ಏಳು ಪ್ಯಾಟರ್ನಿನ ಸರಪಳಿ ಬಿಟ್ಟುಬಿಟ್ಟೆ. ದೊಡ್ಡಮ್ಮನ ಕಟಕ್ ಕಟಕ್ ತನ್ನ ಪಾಡಿಗೆ 16ರಲ್ಲಿ ಓಡುತ್ತದೆ, ಶುಭಪಂತುವರಾಳಿ 14ರಲ್ಲಿ. ಎರಡನೇ ಆವರ್ತಕ್ಕೇ ಎರಡೂ ಬೇರೆ ದಾರಿ ಹಿಡಿಯುತ್ತವೆ. ಎಂಟು ಆವರ್ತ ಕಾಯಬೇಕು. 112 ಸ್ಟೆಪ್ ಮುಗಿದ ಕೂಡಲೇ ಎರಡೂ ಒಟ್ಟಿಗೆ ಸಮಕ್ಕೆ ಬಂದು ಬೀಳುತ್ತವೆ.