ಹೆಗಲು ನೋವು ಅಂತ ಹೋದರೆ ಕೈ ಎಳೆದು ಬಿಡ್ತಾರೆ, ಹುಷಾರು

ಹುಬ್ಬಳ್ಳಿಯಲ್ಲಿ ಹೆಗಲು ನೋವಿಗೆ ಫಿಸಿಯೋಥೆರಪಿ ಹುಡುಕುತ್ತಿದ್ದರೆ ಇದನ್ನೊಮ್ಮೆ ಓದಿ. ಸೆಂಟರ್ ಹೆಸರು ಹಾಕಲ್ಲ, ಇಂಥವು ಒಂದೆರಡಲ್ಲ.

ನನಗೆ ಬಲ ಹೆಗಲು. ಮೊದಲು ರೊಟ್ಟಿ ಬಡಿಯುವಾಗ ಚುಳುಕ್ ಅನ್ನುತ್ತಿತ್ತು, ಆಮೇಲೆ ಜಡೆ ಹಾಕಿಕೊಳ್ಳಲು ಕೈ ಹಿಂದೆ ಹೋಗದಾಯಿತು, ಕೊನೆಗೆ ಆ ಮಗ್ಗುಲಿಗೆ ಮಲಗಿದರೆ ನಿದ್ದೆಯೇ ಇಲ್ಲ. ಸೆಂಟರ್‌ನಲ್ಲಿ ಮೊದಲು ಮಾತಾಡಿದ್ದು ಪ್ಯಾಕೇಜ್ ಬಗ್ಗೆ. ದುಡ್ಡು ಪೂರ್ತಿ ಮುಂಗಡ. ಯಾವಾಗ ಶುರುವಾಯಿತು, ರಾತ್ರಿ ನೋವು ಜಾಸ್ತಿಯಾ, ಶುಗರ್ ಇದೆಯಾ, ಒಂದೂ ಕೇಳಲಿಲ್ಲ. ಸ್ವಲ್ಪ ಹೊತ್ತು ಮಷೀನ್ ಹಚ್ಚಿದರು. ಆಮೇಲೆ ಒಬ್ಬ ಹುಡುಗ ಬಂದು ಮೊಣಕೈ ಹಿಡಿದು, ಕೈಯನ್ನು ಒಮ್ಮೆಲೇ ತಲೆಯ ಕಡೆಗೆ ಒತ್ತಿದ. ಚೀರಿದೆ. "ತಡಕೋರಿ ಅಕ್ಕಾರ, ಎಳೀಲಿಲ್ಲಂದ್ರ ಕೈ ಏಳೂದಿಲ್ಲ" ಅಂದ. ಏನು ಓದಿದ್ದೀಯಪ್ಪಾ ಅಂದರೆ, ಸರ್ ಕಲಿಸ್ಯಾರ್ರಿ ಅಂತ ಉತ್ತರ. ಬಿಪಿಟಿ, ಅಂದರೆ ಫಿಸಿಯೋಥೆರಪಿ ಡಿಗ್ರಿ, ಓದಿದವರು ಮಾಡುವ ಕೆಲಸ ಇದು, ಅಲ್ವಾ?

ದಿನದಿಂದ ದಿನಕ್ಕೆ ನೋವು ಜಾಸ್ತಿಯೇ ಆಯಿತು. ಚಿಗರಿ ಬಸ್ಸಿನಲ್ಲಿ ಮೇಲಿನ ಹಿಡಿಕೆಗೆ ಕೈ ಹೋಗದೆ, ಎಡಗೈಯಲ್ಲಿ ಕಂಬಿ ತಬ್ಬಿಕೊಂಡು ಧಾರವಾಡಕ್ಕೆ ಹೋಗಿ ಮೂಳೆ ಡಾಕ್ಟರಿಗೆ ತೋರಿಸಿದೆ. ಫ್ರೋಜನ್ ಶೋಲ್ಡರ್, ಅದೂ ಇನ್ನೂ ನೋವಿನ ಹಂತದಲ್ಲಿದೆ ಅಂದರು. ಕೀಲಿನ ಸುತ್ತ ಇರುವ ಪೊರೆ ಬಾತುಕೊಂಡು, ಬರಬರುತ್ತ ದಪ್ಪಗಾಗುತ್ತದೆ. ಮೊದಲು ನೋವು, ಆಮೇಲೆ ಬಿಗಿತ, ಆಮೇಲೆ ನಿಧಾನಕ್ಕೆ ಸಡಿಲ. ಪೂರ್ತಿ ಹೋಗಲು 1ರಿಂದ 3 ವರ್ಷವೂ ಹಿಡಿಯಬಹುದು. 40ರಿಂದ 60ರ ವಯಸ್ಸಿನವರಿಗೆ, ಅದರಲ್ಲೂ ಶುಗರ್, ಥೈರಾಯ್ಡ್ ಇದ್ದವರಿಗೆ ಜಾಸ್ತಿ ಬರುತ್ತದೆ. ಬಾತಿರುವಾಗ ಜೋರಾಗಿ ಎಳೆದರೆ ಉರಿಯೂತ ಇನ್ನೂ ಕೆರಳುತ್ತದೆ.

ಈಗ ಮಾಡುತ್ತಿರುವುದು ನೋಡಿದರೆ ಇದೇನು ವ್ಯಾಯಾಮ ಅನ್ನಿಸುತ್ತದೆ. ಮೇಜಿಗೆ ಎಡಗೈ ಊರಿ ಬಾಗಿ, ಬಲಗೈ ಜೋತುಬಿಟ್ಟು ಸಣ್ಣಗೆ ಆಡಿಸುವುದು, ಅಷ್ಟೇ. ನೋವು ತಡೆಯುವಷ್ಟಕ್ಕೆ ನಿಲ್ಲಿಸಬೇಕು. ರಾತ್ರಿಯವರೆಗೂ ನೋವು ಉಳಿದರೆ ಜಾಸ್ತಿ ಮಾಡಿದಿರಿ ಅಂತ ಲೆಕ್ಕ. ಕೀಲಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೂಡ ಕೊಡುತ್ತಾರೆ, ಶುರುವಿನಲ್ಲಿ ನೋವು ಇಳಿಸುತ್ತದೆ. ಆದರೆ ಕೆಲವು ದಿನ ಶುಗರ್ ಏರುತ್ತದೆ, ಶುಗರ್ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿಬಿಡಿ. ಬಿದ್ದು ಪೆಟ್ಟಾಗಿ ಕೈ ಏಳದಿದ್ದರೆ ಅದು ಬೇರೆ ಕತೆ, ಸುಮ್ನೆ ಸೆಂಟರ್ ಅಂತ ಅಲೆಯದೆ ನೇರ ಡಾಕ್ಟರ್ ಹತ್ತಿರ ಹೋಗಿ.

ಉಳಿದ ದುಡ್ಡು ಕೇಳಿದೆ. ವಾಪಸ್ ಕೊಡಲ್ಲವಂತೆ, ಬೇಕಾದರೆ ನಮ್ಮ ಮನೆಯವರ ಮೊಣಕಾಲಿಗೆ ಅಡ್ಜಸ್ಟ್ ಮಾಡುತ್ತಾರಂತೆ. ಅವರ ಮೊಣಕಾಲು ಗಟ್ಟಿಮುಟ್ಟಾಗಿವೆ, ಆ ಹುಡುಗನ ಕೈಗೆ ಕೊಡುವುದಿಲ್ಲ.